ಕೌದಿ ಅಕ್ಕ ಮತ್ತು ನಾನು ತೆಗೆದ ಫೋಟೋಗಳು

ಆಕೆ ತೀರಿಕೊಂಡ ಮೇಲೆ ನಮ್ಮ ಲಕ್ಷ್ಮೇಶ್ವರದ ಪೇಟೆಯವರಿಗೆ ಆಕೆ ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯಳಾಗಿದ್ದಾಳೆ. ಚಹಾದ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಆಕೆಯದೇ ಮಾತು. "ನಮ್ಮೂರ ಹೆಸರು ಎಲ್ಲೆಲ್ಲೋ ಒಯ್ದಳು ನೋಡ್ರಿ" ಅನ್ನುತ್ತಾರೆ. ಆಕೆ ಬದುಕಿದ್ದಾಗ ಇದೇ ಬಾಯಿಗಳು ಏನನ್ನುತ್ತಿದ್ದವು ಎಂಬುದು ನನಗೆ ಗೊತ್ತು. ಆ ಬಾಯಿಗಳಲ್ಲಿ ನನ್ನದೂ ಒಂದು. ಹಾಗಾಗಿ ಇದನ್ನು ಶ್ರದ್ಧಾಂಜಲಿ ಎಂದು ಯಾರೂ ಓದಬೇಡಿ. ನನಗೆ ಸಿಟ್ಟು ಬಂದಿದೆ, ಬರೆಯುತ್ತಿದ್ದೇನೆ.

ಆಕೆಯ ಹೆಸರು ಬೇಡ. ಊರಿನಲ್ಲಿ ಹೆಸರು ಹಿಡಿದು ಕರೆಯುತ್ತಿದ್ದವರೂ ಕಡಿಮೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಗೈಯುದ್ದದ ಸೂಜಿಯಿಂದ ಕೌದಿ ಹೊಲಿಯುತ್ತಿದ್ದಳು. ಆದ್ದರಿಂದ ಕೌದಿ ಅಕ್ಕ. ಗಿಡ್ಡ ಹೆಂಗಸು. ಸೂಜಿ ಒತ್ತಿ ಒತ್ತಿ ಬಲಗೈಯ ತೋರುಬೆರಳು ಕೊಂಚ ಸೊಟ್ಟಗಾಗಿತ್ತು. ಯಾರ ಜೊತೆ ಮಾತಾಡುವಾಗಲೂ ಆ ಬೆರಳನ್ನು ಮುಂದೆ ಮಾಡಿ ಮಾತಾಡುವ ಚಾಳಿ. ದೂರದಿಂದ ನೋಡಿದವರಿಗೆ ಸದಾ ಜಗಳ ಆಡುತ್ತಿದ್ದಾಳೆ ಅನಿಸುತ್ತಿತ್ತು. ಅನೇಕ ಸಲ ಅದು ನಿಜವೂ ಆಗಿರುತ್ತಿತ್ತು.

ನನ್ನದು ಪೇಟೆಯಲ್ಲಿ ಫೋಟೋ ಸ್ಟುಡಿಯೋ. ಕೆಳಗೆ ದೊಡ್ಡ ಬಟ್ಟೆ ಅಂಗಡಿ, ಮೇಲೆ ನಾನು. ಕಟ್ಟಡ ಬಟ್ಟೆ ಅಂಗಡಿಯ ಸಾವಕಾರರದು. ಒಂದು ದಿನ ಮಧ್ಯಾಹ್ನ ಆಕೆ ಬಗಲಲ್ಲೊಂದು ಗಂಟು ಇರುಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿರಬೇಕೆಂದು ಕುರ್ಚಿ ತೋರಿಸಿದೆ. ಆಕೆ ಕುರ್ಚಿಯ ಮೇಲೆ ಗಂಟು ಇಟ್ಟು ಬಿಚ್ಚಿದಳು.

"ಇದರ ಫೋಟೋ ತಗಿ."

"ಕೌದಿದಾ?" ನಾನು ನಕ್ಕೆ.

"ಯಾಕ, ಮಂದಿ ಮಾರಿ ಅಷ್ಟ ತಗೀತೀ ಏನು? ಇಲ್ಲಿಗೆ ಬರೋ ಎಷ್ಟೋ ಮಾರಿಗಿಂತ ಇದು ಚಂದ ಐತಿ ತಮ್ಮಾ."

ವಿಷಯ ಹೀಗಿತ್ತು. ಊರಲ್ಲಿ ಕೌದಿ ಹೊಲಿಸುವವರು ಕಡಿಮೆಯಾಗಿದ್ದರು. ಪೇಟೆಯಲ್ಲಿ ಹೂವಿನ ಚಿತ್ರದ ನೈಲಾನ್ ರಗ್ಗು ಸಿಗುವಾಗ ಹದಿನೈದು ದಿನ ಕಾಯುವವರು ಯಾರು? ಅಷ್ಟರಲ್ಲಿ ಇಲ್ಲಿಂದ ವರ್ಗವಾಗಿ ಹೋದ ಒಬ್ಬ ಶಾಲೆಯ ಟೀಚರು ಫೋನು ಮಾಡಿ ಎರಡು ಕೌದಿ ತರಿಸಿಕೊಂಡಿದ್ದರು. ಅದನ್ನು ನೋಡಿದ ಅವರ ಗೆಳತಿಯರು ತಮಗೂ ಬೇಕೆಂದರು. ಬಣ್ಣ ಯಾವುದಿದೆ, ಅಳತೆ ಎಷ್ಟು, ಫೋಟೋ ಕಳಿಸಿ ಎಂದರು. ಇಷ್ಟೇ. ಇವತ್ತು ದೊಡ್ಡ ದೊಡ್ಡವರು ವೇದಿಕೆ ಹತ್ತಿ ಸಣ್ಣ ವ್ಯಾಪಾರಿಗಳು ಆನ್‌ಲೈನಿಗೆ ಹೋಗುವುದು ಹೇಗೆ ಎಂದು ಭಾಷಣ ಮಾಡುತ್ತಾರೆ. ಆಕೆ ಹೋದದ್ದು ಹೀಗೆ. ಯಾರೋ ಕೇಳಿದರು, ಆಕೆ ತೋರಿಸಲು ಹೊರಟಳು.

ನಾನು ದೀಪಗಳನ್ನೆಲ್ಲ ಹಚ್ಚಿ, ಹಿಂದೆ ನೀಲಿ ಪರದೆ ಇಳಿಬಿಟ್ಟು ತೆಗೆದೆ. ಕಂಪ್ಯೂಟರಿನಲ್ಲಿ ಬಣ್ಣವನ್ನೂ ಒಂದಿಷ್ಟು ಏರಿಸಿದೆ. ಮದುವೆ ಫೋಟೋಗಳಿಗೆ ಮಾಡುವುದೇ ಅದು, ಯಾರೂ ದೂರಿಲ್ಲ. ತಿಂಗಳೊಳಗೆ ಆಕೆ ಮತ್ತೆ ಮೆಟ್ಟಿಲು ಹತ್ತಿ ಬಂದಳು, ಈ ಸಲ ಸದ್ದು ಮಾಡುತ್ತ.

"ನಿನ್ನ ಲೈಟು ಸುಳ್ಳು ಹೇಳತೈತಿ."

ಹುಬ್ಬಳ್ಳಿಯ ಒಬ್ಬ ಗಿರಾಕಿ ಕೌದಿಯನ್ನು ತಿರುಗಿ ಕಳಿಸಿದ್ದರು. ಫೋಟೋದಲ್ಲಿ ಕುಂಕುಮದ ಕೆಂಪು, ಕೈಗೆ ಬಂದದ್ದು ಇಟ್ಟಿಗೆಯ ಬಣ್ಣ. ಆಕೆ ತನ್ನ ಮೊಬೈಲಿನ ಚಿತ್ರವನ್ನೂ ಕೌದಿಯನ್ನೂ ನನ್ನ ಮೂಗಿನ ಕೆಳಗೆ ಹಿಡಿದಳು.

"ಚಂದ ಕಾಣ್ಲಿ ಅಂತ ಮಾಡೀನ್ರಿ ಅಕ್ಕಾರ."

"ಫೋಟೋ ಹೊಚಗೊಳ್ಳಾಕ ಆಗೂದಿಲ್ಲ ತಮ್ಮಾ. ಮಂದಿ ಹೊಚಗೊಳ್ಳೂದು ಕೌದಿ. ಹೆಂಗ ಐತಿ ಹಂಗ ತಗಿ."

ಅಂದಿನಿಂದ ಬೆಳಗಿನ ಬಿಸಿಲಿನಲ್ಲಿ ಆಕೆಯ ಮನೆಯ ಕಟ್ಟೆಯ ಮೇಲೆಯೇ ಫೋಟೋ ತೆಗೆಯಬೇಕಾಯಿತು. ಕೌದಿಯ ಪೂರ್ತಿ ಚಿತ್ರ ಒಂದು, ಹೊಲಿಗೆ ಕಾಣುವಂತೆ ಹತ್ತಿರದ್ದೊಂದು, ಹಿಂಬದಿಯದೊಂದು, ಮಾಸಿದ ಜಾಗ ಇದ್ದರೆ ಅದರದ್ದೂ ಒಂದು. ಮಾಸಿದ್ದನ್ನು ಯಾಕೆ ತೋರಿಸಬೇಕೆಂದು ವಾದಿಸಿದೆ. "ಪಾರ್ಸಲ್ ಬಿಚ್ಚಿದ ಮ್ಯಾಲೆ ಅವರಿಗೆ ಕಾಣೂದಿಲ್ಲೇನು?" ಎಂದಳು. ಮೊಳದಲ್ಲಿ ಅಳೆಯುತ್ತಿದ್ದವಳು ಟೇಪು ತಂದಳು. ಕೌದಿಯ ವಿವರವನ್ನು ಆಕೆ ಹೇಳುತ್ತಿದ್ದಳು, ಆಕೆಯ ಗಂಡ ಬರೆದುಕೊಡುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಒಂದು ವಿವರ ಇನ್ನೂ ನೆನಪಿದೆ: "ಹಳೇ ಸೀರಿ. ಐದು ಪದರು. ಭಾರ ಐತಿ. ಮೊದಲನೇ ಸಲ ತೊಳದಾಗ ಬಣ್ಣ ಬಿಡತೈತಿ. ಒಣಗಾಕ ಎರಡು ದಿನ ಬೇಕು. ಮಳಿಗಾಲದಾಗ ತೊಳಿಬ್ಯಾಡ್ರಿ." ಇಂಥದ್ದನ್ನು ಓದಿ ಯಾರೂ ಕೊಳ್ಳುವುದಿಲ್ಲ ಎಂದೆ. ಕೊಂಡರು. ಅದೇ ಮಾತನ್ನು ಓದಿ ನಂಬಿಕೆ ಬಂತೆಂದು ಕೆಲವರು ಫೋನು ಮಾಡಿ ಹೇಳಿದರು.

ಆಕೆಯ ಗಂಡ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಹೆಂಡತಿ ಗುಡುಗಿದಷ್ಟೂ ಈ ಮನುಷ್ಯ ತಣ್ಣಗೆ. ಪಾರ್ಸಲ್ ಕಟ್ಟುವ ಕೆಲಸ ಅವರದು. ಮೊದಲು ಪ್ಲಾಸ್ಟಿಕ್, ಅದರ ಮೇಲೆ ದಪ್ಪ ಬಟ್ಟೆ, ಹೊಲಿಗೆ, ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ ವಿಳಾಸ. ಶಿರಹಟ್ಟಿ, ಮುಂಡರಗಿ ಎಂದು ಜೀವಮಾನವೆಲ್ಲ ಕೂಗಿದವರು ಈಗ ಕೇಳರಿಯದ ಊರುಗಳ ಪಿನ್‌ಕೋಡ್ ಬರೆಯುವಾಗ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ ನೋಡುತ್ತಿದ್ದರು. "ಇಲ್ಲಿಗೆ ನಮ್ಮ ಬಸ್ಸು ಹೋಗಿಲ್ಲ. ಆಕಿ ಕೌದಿ ಹೋತು" ಎಂದು ಒಮ್ಮೆ ನನಗೆ ಹೇಳಿದರು.

ಗಿರಾಕಿಗಳು ಹೆಚ್ಚಿದಾಗ, ದೊಡ್ಡದೊಂದು ಆನ್‌ಲೈನ್ ಅಂಗಡಿಯಲ್ಲಿ ಹೆಸರು ನೋಂದಾಯಿಸಬೇಕೆಂದು ಆಕೆಗೆ ಹೊಳೆಯಿತು. ಯಾವ ಕಾಗದ ಬೇಕು, ಎಲ್ಲಿ ಮಾಡಿಸಬೇಕು ಎಂದು ಕೇಳಲು ವರ್ತಕರ ಸಂಘಕ್ಕೆ ಹೋದಳು. ಸಂಘದ ಅಧ್ಯಕ್ಷರು ನನ್ನ ಕಟ್ಟಡದ ಸಾವಕಾರರೇ. ಅವತ್ತು ಸಂಘದ ಸಭೆ, ನಾನೂ ಇದ್ದೆ. ಆಕೆ ಬಾಗಿಲಲ್ಲಿ ನಿಂತೇ ಕೇಳಿದಳು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಸಾವಕಾರರು ಕನ್ನಡಕ ತೆಗೆದು ಆಕೆಯನ್ನು ನೋಡಿ, "ನಾವು ಹೊಸಾ ಸೀರಿ ಮಾರಾವ್ರ ಇನ್ನೂ ಅಲ್ಲಿಗೆ ಹೋಗಿಲ್ಲ. ನೀವು ಹಳೇ ಸೀರಿ ಮಾರಾಕ ಹೊಂಟೀರೇನ ಅಕ್ಕಾರ?" ಎಂದರು.

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಆಕೆಯ ಕೌದಿಯ ಫೋಟೋ ಅದೇ ದಿನ ಬೆಳಿಗ್ಗೆ ತೆಗೆದು ಬಂದಿದ್ದವನು ನಾನು, ಅಲ್ಲಿ ಕೂತು ನಕ್ಕೆ. ಆಕೆ ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆ ನೋಟ ನನ್ನ ಹತ್ತಿರ ಬಂದಾಗ ಒಂದು ಗಳಿಗೆ ತಡೆಯಿತು, ಮುಂದಿನವನ ಕಡೆಗೆ ಹೋಯಿತು.

"ನಕ್ಕಿದ್ದಾತಲ್ಲ? ಈಗ ಕಾಗದ ಯಾವ್ಯಾವು ಬೇಕು ಹೇಳ್ರಿ."

ನಿಜವೆಂದರೆ ಯಾರಿಗೂ ಗೊತ್ತಿರಲಿಲ್ಲ. ಆಕೆ ಬಸ್ಸು ಹತ್ತಿ ಗದಗಕ್ಕೆ ಹೋದಳು. ಒಂದೇ ದಿನ ಅಲ್ಲ, ಎಂಟು ಹತ್ತು ಸಲ. ಒಂದು ಕಡೆ ಆಧಾರ್ ಕಾರ್ಡಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ಒಂದು ಅಕ್ಷರ ಹೊಂದುವುದಿಲ್ಲ ಅಂದರು. ಇನ್ನೊಂದು ಕಡೆ ಅರ್ಜಿ ತುಂಬುವವನು ಊಟಕ್ಕೆ ಹೋಗಿದ್ದಾನೆ ಅಂದರು. ಆಕೆ ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಕೈಯಲ್ಲಿದ್ದ ಕೌದಿಯ ತುಂಡು ಹೊಲಿಯುತ್ತ ಕಾಯುತ್ತಿದ್ದಳಂತೆ. ಕೊನೆಗೆ ಆ ಅಂಗಡಿಯಲ್ಲಿ ಆಕೆಯ ಪುಟ ತೆರೆಯಿತು. ನಾನು ತೆಗೆದ ಫೋಟೋಗಳು, ಆಕೆ ಹೇಳಿದ ವಿವರ, ಆಕೆಯ ಫೋನ್ ನಂಬರು.

ಅಂಚೆ ಕಚೇರಿಗೆ ಹೋಗುವ ಪಾರ್ಸಲ್ಲುಗಳು ಪೇಟೆಯ ಮುಂದೆಯೇ ಹಾಯಬೇಕು. ಸಾವಕಾರರು ನೋಡುತ್ತಿದ್ದರು. ಒಂದು ದಿನ ಮೇಲೆ ನನ್ನ ಸ್ಟುಡಿಯೋಕ್ಕೆ ಬಂದರು. ಅವರು ಮೆಟ್ಟಿಲು ಹತ್ತಿ ಬರುವುದೇ ಅಪರೂಪ.

"ಆಕಿ ಕೌದಿ ಫೋಟೋ ಅದಾವಲ್ಲ, ಒಂದಿಷ್ಟು ಕೊಡು. ಸಂಘದ ಬ್ಯಾನರಿಗೆ ಹಾಕೂಣು. ನಮ್ಮೂರ ಹೆಣ್ಣುಮಗಳು, ಹೆಸರಾಗ್ಲಿ."

ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಆಕೆಯನ್ನು ಒಂದು ಮಾತು ಕೇಳಲಿಲ್ಲ. ಅವರು ಏನು ಮಾಡುತ್ತಾರೆಂದು ಗೊತ್ತಿತ್ತು ಎಂದರೆ ಸುಳ್ಳಾದೀತು. ಏನೂ ಗೊತ್ತಿರಲಿಲ್ಲ ಎಂದರೆ ಅದೂ ಪೂರ್ತಿ ಖರೆಯಲ್ಲ. ನಕ್ಕ ಮನುಷ್ಯ ಇದ್ದಕ್ಕಿದ್ದಂತೆ ಹೆಸರಾಗಲಿ ಎಂದಾಗ ಅನುಮಾನ ಬರಬೇಕಿತ್ತು. ಬಂತು ಕೂಡ. ಕಟ್ಟಡದ ಯಜಮಾನರು ಕೇಳಿದ್ದಾರೆ ಎಂಬುದು ಅದಕ್ಕಿಂತ ದೊಡ್ಡದಾಗಿ ಕಂಡಿತು.

ಬ್ಯಾನರು ಬರಲೇ ಇಲ್ಲ. ಅದೇ ಆನ್‌ಲೈನ್ ಅಂಗಡಿಯಲ್ಲಿ ಬೇರೆ ಹೆಸರಿನ ಇನ್ನೊಂದು ಪುಟ ಬಂತು. ಅದರಲ್ಲಿ ನಾನು ತೆಗೆದ ಅವೇ ಫೋಟೋಗಳು, ಆಕೆಯ ಮನೆಯ ಕಟ್ಟೆ, ಆಕೆಯ ಬಿಸಿಲು. ಕಳಿಸುತ್ತಿದ್ದದ್ದು ಮಾತ್ರ ಎಲ್ಲಿಂದಲೋ ಲಾರಿಯಲ್ಲಿ ಬರುವ ಮಾಲು. ತುಂಡುಗಳನ್ನು ಜೋಡಿಸಿದಂತೆ ಕಾಣುವ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹೊಡೆದು, ಒಳಗೆ ಹತ್ತಿಯಂಥ ಏನನ್ನೋ ತುಂಬಿ, ಅಂಚಿಗೆ ಮಷೀನು ಹೊಲಿಗೆ ಹಾಕಿದ್ದು. ಕೆಳಗೆ "ಕೈಯಿಂದ ಹೊಲಿದ ಕೌದಿ" ಎಂದು ಬರೆದಿತ್ತು.

ಆಕೆಗೆ ಇದು ಗೊತ್ತಾದದ್ದು ಮೈಸೂರಿನ ಒಬ್ಬ ಹೆಂಗಸಿನ ಬೈಗುಳದಿಂದ. ಆ ಹೆಂಗಸು ಮಗಳ ಬಾಣಂತನಕ್ಕೆಂದು ಆ ಪುಟದಿಂದ ಕೌದಿ ತರಿಸಿದ್ದರು. ಬಿಚ್ಚಿದರೆ ಸೀಮೆಎಣ್ಣೆಯಂಥ ವಾಸನೆ. ಒಂದೇ ಒಗೆತಕ್ಕೆ ಒಳಗಿನದೆಲ್ಲ ಮುದ್ದೆಯಾಗಿ ಒಂದು ಮೂಲೆಗೆ ಸೇರಿತ್ತು. ಅವರು ಫೋಟೋ ಹುಡುಕುತ್ತ ಹೋಗಿ ಅದೇ ಚಿತ್ರವಿದ್ದ ಈಕೆಯ ಪುಟವನ್ನು ಕಂಡು, ಈಕೆಗೆ ಫೋನು ಮಾಡಿದ್ದರು. "ನೀವೂ ಒಂದು ಹೆಣ್ಣಲ್ವೇನ್ರೀ? ಹಸುಗೂಸಿಗೆ ಹೊದಿಸೋದಕ್ಕೆ ಇಂಥದ್ದು ಕಳಿಸ್ತೀರಲ್ಲ!"

ಆಕೆ ಪೂರ್ತಿ ಕೇಳಿಸಿಕೊಂಡಳಂತೆ. ಅದು ನನ್ನದಲ್ಲ ಎಂದು ಹೇಳಿ ನಂಬಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಕೆಟ್ಟ ಮಾಲನ್ನು ತನಗೆ ಕಳಿಸಿರೆಂದು ಕೇಳಿ, ಬಾಣಂತಿಗೆ ತಾನೇ ಒಂದು ಕೂಸಿನ ಕೌದಿ ಹೊಲಿದು ಕಳಿಸಿದಳು. ಮತ್ತೆ ನನ್ನ ಹತ್ತಿರ ಬಂದಳು.

"ತಮ್ಮಾ, ಕಂಪನಿಯವರಿಗೆ ತಕರಾರು ಬರದೇನಿ. ಫೋಟೋ ತಗದಾವ್ರು ಯಾರು, ಅವರ ಕಡೆ ಕ್ಯಾಮೆರಾದಾಗಿನ ಮೂಲ ಫೈಲು ಇದ್ರ ಕಳಸ್ರಿ ಅಂದಾರ. ತಗದಾವ ನೀನ. ಕೊಡು."

ಕೆಳಗಿನ ಅಂಗಡಿಯಲ್ಲಿ ಸಾವಕಾರರು ಯಾರಿಗೋ ಸೀರೆಯ ಬೆಲೆ ಹೇಳುವುದು ಕಿಟಕಿಯಿಂದ ಕೇಳುತ್ತಿತ್ತು.

"ಡಿಲೀಟ್ ಆಗ್ಯಾವ್ರಿ ಅಕ್ಕಾರ" ಎಂದೆ.

ಆಕೆ ನನ್ನ ಹಿಂದಿನ ಕಪಾಟು ನೋಡಿದಳು. ಹಾರ್ಡ್‌ಡಿಸ್ಕುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ವರ್ಷ ಬರೆದಿದ್ದೆ.

"ಹತ್ತು ವರ್ಷದ ಹಿಂದಿನ ಮಂದೀ ಮದುವಿ ಇಟ್ಟೀ. ನನ್ನ ಕೌದಿ ಆರು ತಿಂಗಳದಾಗ ಅಳಿಸಿ ಹ್ವಾದವು?"

ನಾನು ಮೌಸು ಹಿಡಿದುಕೊಂಡು ಪರದೆಯನ್ನೇ ನೋಡುತ್ತ ಕೂತೆ. ಆಕೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಜಗಳಗಂಟಿ ಎಂದು ಊರೆಲ್ಲ ಹೆಸರಾದ ಹೆಂಗಸು ನನ್ನ ಜೊತೆ ಜಗಳ ಆಡಲಿಲ್ಲ. ಮತ್ತೆಂದೂ ನನ್ನ ಮೆಟ್ಟಿಲು ಹತ್ತಲಿಲ್ಲ.

ಜಗಳ ಆಡಬೇಕಾದಲ್ಲಿ ಆಡಿದಳು. ಮೈಸೂರಿನಿಂದ ಆ ಕೆಟ್ಟ ಮಾಲು ಬಂದ ಮರುದಿನ, ಸಂತೆಯ ಗದ್ದಲದಲ್ಲಿ, ಬಟ್ಟೆ ಅಂಗಡಿ ಗಿರಾಕಿಗಳಿಂದ ತುಂಬಿದ್ದಾಗ ಒಳಗೆ ಹೋಗಿ ಅದನ್ನು ಗಾದಿಯ ಮೇಲೆ ಹಾಸಿದಳು. ನಾನು ಮೇಲಿನ ಗ್ಯಾಲರಿಯಲ್ಲಿ ನಿಂತು ಕೇಳುತ್ತಿದ್ದೆ.

"ಸಾವಕಾರ್ರ, ಇದು ನಿಮ್ಮ ಮಾಲು. ಹೌದಲ್ಲರಿ?"

"ಯಾರಂದ್ರು?"

"ಡಬ್ಬಿ ಮ್ಯಾಲೆ ನಿಮ್ಮ ಅಳಿಯಂದು ಹೆಸರು ಐತಿ, ನಿಮ್ಮ ಗೋದಾಮಿನ ವಿಳಾಸ ಐತಿ." ಆಕೆ ಅಂಚಿನ ಒಂದು ಎಳೆ ಹಿಡಿದು ಜಗ್ಗಿದಳು. ಮಷೀನಿನ ಹೊಲಿಗೆ ಸರಸರನೆ ಈ ತುದಿಯಿಂದ ಆ ತುದಿಯವರೆಗೂ ಬಿಚ್ಚಿಕೊಂಡಿತು. ಒಳಗಿನ ಹತ್ತಿ ಗಾದಿಯ ಮೇಲೆ ಉದುರಿತು. "ನೋಡ್ರಿ ಎಲ್ಲಾರೂ. ಇದಕ್ಕ ನನ್ನ ಕೌದಿ ಫೋಟೋ ಹಚ್ಚಿ ಮಾರ್ಯಾರ. ಹಸುಗೂಸಿಗೆ ಹೊಚ್ಚಸ್ರಿ ಅಂತ ಮಾರ್ಯಾರ."

ಸಾವಕಾರರ ದನಿ ಏರಲಿಲ್ಲ. ಅದೇ ಅವರ ಬಲ. "ಅಕ್ಕಾರ, ಫೋಟೋದ ಮ್ಯಾಲೆ ನಿಮ್ಮ ಹೆಸರು ಬರದೈತೇನು? ನಿಮ್ಮದಂತ ಪುರಾವೆ ತರ್ರಿ, ನಾನ ತಗಸ್ತೇನಿ. ಸುಮ್ನ ಅಂಗಡ್ಯಾಗ ಬಂದು ಬಾಯಿ ಮಾಡಬ್ಯಾಡ್ರಿ."

ಪುರಾವೆ ಅವರ ತಲೆಯ ಮೇಲಿನ ಕೋಣೆಯ ಕಪಾಟಿನಲ್ಲಿತ್ತು. ಮೆಟ್ಟಿಲು ಇಳಿದರೆ ಹದಿನಾರು ಪಾವಟಿಗೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲೆ ಊರು ಮಾತಾಡಿದ್ದು ಸಾವಕಾರರ ಮೋಸದ ಬಗ್ಗೆ ಅಲ್ಲ, ಆಕೆಯ ಬಾಯಿಯ ಬಗ್ಗೆ. ಹೆಂಗಸಿಗೆ ಅಷ್ಟು ಸಿಟ್ಟು ಇರಬಾರದು ಎಂದರು. ನನಗೆ ಇವತ್ತಿಗೂ ತಲೆ ಕೆಡುವುದು ಇದಕ್ಕೇ. ಒಬ್ಬರ ವಸ್ತುವನ್ನು ಇನ್ನೊಬ್ಬ ಹಾಡಹಗಲು ಎತ್ತಿಕೊಂಡು ಹೋದರೆ ಅದು ವ್ಯಾಪಾರ. ಕಳೆದುಕೊಂಡವಳು ಕೂಗಿದರೆ ಅದು ಸ್ವಭಾವದ ದೋಷ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸೂಜಿ ಇಟ್ಟುಬಿಡುತ್ತಿದ್ದರು. ಆಕೆ ಐದನೆಯ ದಿನ ತನ್ನ ಪುಟದಿಂದ ನನ್ನ ಫೋಟೋಗಳನ್ನೆಲ್ಲ ತೆಗೆಸಿದಳು. ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ತಾನು ಹೊಲಿಯುವುದನ್ನೇ ವಿಡಿಯೋ ಮಾಡಿದಳು. ಅದರಲ್ಲಿ ಮುಖ ಅರ್ಧ ಕಾಣುತ್ತದೆ, ಬೆರಳು ಪೂರ್ತಿ ಕಾಣುತ್ತದೆ. "ಇನ್ನ ಮ್ಯಾಲೆ ತಯಾರ ಕೌದಿ ಮಾರೂದಿಲ್ಲ. ನಿಮ್ಮ ಅವ್ವಂದು, ಅಜ್ಜೀದು, ಅತ್ತೀದು ಹಳೇ ಸೀರಿ ಇದ್ರ ಕಳಸ್ರಿ. ನಿಮ್ಮ ಸೀರಿ ನಿಮಗ ಕೌದಿ ಆಗಿ ತಿರುಗಿ ಬರತೈತಿ. ಇದನ್ನ ಯಾರ ಕಳವು ಮಾಡ್ತಾರ ನೋಡೂಣು."

ಕೌದಿ ಎಂದರೆ ನಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ. ಮನೆಯ ಸೀರೆ, ಮನೆಯ ಹೊದಿಕೆ. ಆಕೆ ಹೊಸದೇನೂ ಕಂಡುಹಿಡಿಯಲಿಲ್ಲ, ಹಳೆಯದನ್ನು ಅಂಚೆಗೆ ಹಾಕಿದಳು. ಗಂಟುಗಳು ಬರತೊಡಗಿದವು. ಗಂಟು ಬಂದ ಕೂಡಲೇ ಕಳಿಸಿದವರಿಗೆ ವಿಡಿಯೋ ಕಾಲ್ ಮಾಡಿ, ಅವರ ಕಣ್ಣ ಮುಂದೆಯೇ ಬಿಚ್ಚುತ್ತಿದ್ದಳು. ಒಂದೊಂದೇ ಸೀರೆ ಎತ್ತಿ ಹಿಡಿದು, "ಇದು ಯಾರದು? ಇದನ್ನ ಯಾವಾಗ ಉಡ್ತಿದ್ರು?" ಎಂದು ಕೇಳುತ್ತಿದ್ದಳು. ಒಬ್ಬಾತ ತನ್ನ ತಾಯಿಯ ಸೀರೆ ಕಳಿಸಿದ್ದ. ಒಂದರ ಸೆರಗಿನಲ್ಲಿ ಅರಿಸಿನದ ಕಲೆ ಇತ್ತು. ಅದನ್ನು ಕತ್ತರಿಸಬೇಡಿ ಎಂದು ಅವನು ಕೇಳಿಕೊಂಡ. ಆಕೆ ಆ ಕಲೆಯನ್ನು ಕೌದಿಯ ನಟ್ಟನಡುವೆ ಬರುವಂತೆ ಇಟ್ಟು ಹೊಲಿದಳು. ಇನ್ನೊಬ್ಬ ಶ್ರೀಮಂತ ಹೆಂಗಸು ಚೀಟಿ ಕೂಡ ಕೀಳದ ಹೊಸ ಸೀರೆಗಳನ್ನು ಕಳಿಸಿದಾಗ ಹಾಗೇ ವಾಪಸು ಕಳಿಸಿದಳು. "ಉಟ್ಟು ಹಳೇದಾದ ಮ್ಯಾಲೆ ಕಳಸ್ರಿ" ಎಂದು ಗಂಡನ ಕೈಯಿಂದ ಬರೆಸಿ ಒಳಗೆ ಇಟ್ಟಿದ್ದಳು. ಓಣಿಯ ಐದಾರು ಹೆಂಗಸರು ಆಕೆಯ ಜೊತೆ ಕೂತು ಹೊಲಿಯತೊಡಗಿದರು. ಯಾರದಾದರೂ ಹೊಲಿಗೆ ಉದ್ದವಾದರೆ ಆಕೆ ಮಾತಾಡದೆ ಬಿಚ್ಚಿ ಕೈಗೆ ಕೊಡುತ್ತಿದ್ದಳು.

ಆದರೆ ಆ ಇನ್ನೊಂದು ಪುಟ ಹಾಗೆಯೇ ಇತ್ತು. ಅದರಿಂದ ಕೆಟ್ಟ ಮಾಲು ಕೊಂಡವರ ಫೋನು ಆಕೆಗೇ ಬರುತ್ತಿತ್ತು. ಡಬ್ಬಿಯ ಮೇಲಿನ ವಿಳಾಸ ನೋಡಿ ವಿಚಾರಿಸಿದವರಿಗೆ ಪೇಟೆಯಲ್ಲಿ ಕೌದಿ ಎಂದರೆ ಆಕೆಯ ನಂಬರನ್ನೇ ಕೊಡುತ್ತಿದ್ದರಲ್ಲ! ನಾಲ್ಕು ವರ್ಷ ಇಂಥ ಫೋನುಗಳು ಬಂದವು. ಹೊಲಿಯುತ್ತಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಫೋನು ಎತ್ತಿ, ಬೈಗುಳ ಕೇಳಿ, "ಅದು ನಂದಲ್ಲರಿ" ಎನ್ನುವುದು ಆಕೆಯ ದಿನಚರಿಯ ಭಾಗವಾಯಿತು.

ಒಮ್ಮೆ ಆಕೆಯ ಗಂಡನ ಪಿಂಚಣಿ ಅರ್ಜಿಗೆ ಬೇಕಾದ ಫೋಟೋ ಕೊಡಲು ಅವರ ಮನೆಗೆ ಹೋಗಿದ್ದೆ. ಆಗ ಅಂಥದ್ದೇ ಒಂದು ಫೋನು ಬಂತು. ಆ ಕಡೆಯ ಗಂಡಸಿನ ದನಿ ಬಾಗಿಲಲ್ಲಿದ್ದ ನನಗೂ ಕೇಳುವಷ್ಟು ಜೋರಿತ್ತು. ಏಕವಚನದಲ್ಲಿ ಮಾತಾಡುತ್ತಿದ್ದ. ಆಕೆ ಕೊನೆಯವರೆಗೂ ಬಹುವಚನ ಬಿಡಲಿಲ್ಲ. "ಅದು ನಂದಲ್ಲರಿ. ಹೊಲಿಗಿ ನೋಡ್ರಿ, ಕೈಯಿಂದ ಹಾಕಿದ್ದು ಹಿಂಗ ಸರಳ ಇರೂದಿಲ್ಲರಿ." ಫೋನು ಇಟ್ಟು, ನನ್ನನ್ನು ನೋಡಿ, "ಬಾ, ಕುಂಡ್ರು. ಚಾ ಕುಡಿ" ಎಂದಳು.

ಕೂತೆ. ಚಹಾ ಬಂತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾರ, ಆ ಫೋಟೋದ ವಿಷಯ... ನಾ ಆವತ್ತು..."

ಆಕೆ ಬೆರಳು ಎತ್ತಿದಳು. "ಫೈಲು ಅದಾವೇನು? ಇದ್ರ ಇವತ್ತ ಕಳಸು. ಕಳಸೂದಿಲ್ಲಂದ್ರ ಚಾ ಕುಡದು ಹೋಗು. ನಡುವ ಕಥಿ ಬ್ಯಾಡ."

ಚಹಾ ಕುಡಿದು ಬಂದೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಈ ಶ್ರಾವಣದ ಒಂದು ಬೆಳಿಗ್ಗೆ, ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಒರಗಿದವಳು ಏಳಲಿಲ್ಲ. ಗದಗಿನ ಆಸ್ಪತ್ರೆಗೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ವಾರದ ಮೇಲೆ ವರ್ತಕರ ಸಂಘ ಸಂತಾಪ ಸಭೆ ಕರೆಯಿತು. ವೇದಿಕೆಗೆ ಆಕೆಯ ಫೋಟೋ ಬೇಕೆಂದರು, ನಾನೇ ದೊಡ್ಡದು ಮಾಡಿಕೊಟ್ಟೆ. ಸಾವಕಾರರು ಮೈಕು ಹಿಡಿದು, ಈ ತಾಯಿ ನಮ್ಮ ಪೇಟೆಗೆ ಹೊಸ ದಾರಿ ತೋರಿಸಿದಳು, ನಮ್ಮ ಸಂಘ ಮೊದಲಿನಿಂದಲೂ ಆಕೆಯ ಬೆನ್ನಿಗಿತ್ತು ಎಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಆಕೆಯ ಗಂಡ ತಲೆ ತಗ್ಗಿಸಿ ಕೂತಿದ್ದರು.

ನಾನು ಎದ್ದು ನಿಂತೆ. ಇಷ್ಟು ವರ್ಷ ಬಾರದ ಧೈರ್ಯ ಆಗ ಎಲ್ಲಿಂದ ಬಂತೋ ಗೊತ್ತಿಲ್ಲ. ಸತ್ತವಳ ಮುಂದೆ ಬರುವ ಧೈರ್ಯಕ್ಕೆ ಏನು ಬೆಲೆ? ಆದರೂ ಹೇಳಿದೆ.

"ಸುಳ್ಳು! ಆಕಿ ಫೋಟೋ ಕಳವು ಮಾಡಿ ಕೆಟ್ಟ ಮಾಲು ಮಾರಿದ್ದು ನೀವು. ಫೋಟೋ ಕೊಟ್ಟಾವ ನಾನು. ಮೂಲ ಫೈಲು ಇನ್ನೂ ನನ್ನ ಕಪಾಟಿನ್ಯಾಗ ಅದಾವ!"

ಸಾವಕಾರರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಮೈಕಿನಲ್ಲಿಯೇ, ಬಹಳ ಮೃದುವಾಗಿ, "ಪಾಪ, ಅವಗ ಭಾಳ ದುಃಖ ಆಗೇತಿ. ಯಾರರ ನೀರು ಕೊಡ್ರಿ" ಎಂದರು.

ನೀರು ಕೊಟ್ಟರು. ಇಬ್ಬರು ಹೆಗಲು ಒತ್ತಿ ಕೂರಿಸಿದರು. ಮೌನಾಚರಣೆ ನಡೆಯಿತು.

ಮರುದಿನ ಸಾವಕಾರರು ಸ್ಟುಡಿಯೋ ಖಾಲಿ ಮಾಡು ಅನ್ನುತ್ತಾರೆಂದು ಕಾದೆ. ಎಂದಿನಂತೆ ಕೆಳಗಿನಿಂದಲೇ ಕೂಗಿ, ಮೊಮ್ಮಗಳ ಹುಟ್ಟುಹಬ್ಬದ ಫೋಟೋ ತೆಗೆಯಲು ಬರಬೇಕೆಂದು ಹೇಳಿದರು. ನಾಲ್ಕು ವರ್ಷ ನಾನು ಹೆದರಿಕೊಂಡಿದ್ದ ಸಂಗತಿ ಆಗಲೇ ಇಲ್ಲ. ಅವರ ಲೆಕ್ಕದಲ್ಲಿ ನಾನು ಹೊರಹಾಕುವಷ್ಟು ದೊಡ್ಡವನೂ ಆಗಿರಲಿಲ್ಲ.

ಅವತ್ತೇ ಆನ್‌ಲೈನ್ ಅಂಗಡಿಯ ತಕರಾರು ಅರ್ಜಿ ತೆರೆದೆ. ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಈ ಚಿತ್ರಗಳನ್ನು ತೆಗೆದವರು ನೀವೇ? ಹೌದು ಎಂದು ಒತ್ತಿದೆ. ಮೂಲ ಫೈಲುಗಳನ್ನು ಹಚ್ಚಿದೆ. ಮೂರನೆಯ ದಿನ ಉತ್ತರ ಬಂತು. ಆ ಪುಟದಿಂದ ಎಲ್ಲ ಫೋಟೋಗಳೂ ಹೋಗಿದ್ದವು, ಅವುಗಳ ಜೊತೆಗೆ ಆ ಮಾಲೂ ಹೋಗಿತ್ತು.

ಸುದ್ದಿ ಹೇಳಲು ಆಕೆಯ ಮನೆಗೆ ಹೋದೆ. ಆಕೆಯ ಗಂಡ ನಡುಮನೆಯಲ್ಲಿ ಕೂತು, ಹೊಲಿಯದೇ ಉಳಿದ ಗಿರಾಕಿಗಳ ಸೀರೆಗಳನ್ನು ಒಂದೊಂದಾಗಿ ಮಡಚಿ ತಿರುಗಿ ಕಳಿಸಲು ಕಟ್ಟುತ್ತಿದ್ದರು. ಓಣಿಯ ಹೆಂಗಸರು, ಕೆಲವನ್ನು ತಾವು ಹೊಲಿದು ಮುಗಿಸುತ್ತೇವೆಂದು ಬೇರೆ ತೆಗೆದಿಟ್ಟಿದ್ದರು. ನಾನು ಹೇಳಿದ್ದನ್ನು ಆಕೆಯ ಗಂಡ ಪೂರ್ತಿ ಕೇಳಿದರು.

"ಎಷ್ಟು ದಿನ ಹಿಡೀತು ಅಂದಿ?"

"ಮೂರು ದಿನಾರಿ."

"ಮೂರ ದಿನ?"

"ಹೂಂರಿ."

ಅವರು ಕೈಯಲ್ಲಿದ್ದ ದಾರವನ್ನು ಎಳೆದು ಗಂಟು ಹಾಕಿದರು. ಆಮೇಲೆ ಎದ್ದು ಒಳಗೆ ಹೋಗಿ, ಆಕೆಯ ಮೊಬೈಲ್ ತಂದು ನನ್ನ ಕೈಗಿಟ್ಟರು.

"ಮೊದಲ ಆ ಮಾಲು ತಗೊಂಡಾವ್ರು ಇನ್ನೂ ಫೋನ ಮಾಡ್ತಾರ ತಮ್ಮಾ, ಬೈಯಾಕ. ನನಗ ಕೇಳಾಕ ಆಗೂದಿಲ್ಲ. ನೀನ ಎತ್ತು."

ಈಗ ನಾನೇ ಎತ್ತುತ್ತೇನೆ. ನಿನ್ನೆ ಬೆಳಗಾವಿ ಕಡೆಯ ಒಬ್ಬ ಹೆಂಗಸು ಫೋನು ಮಾಡಿದ್ದರು, ಹೋದ ದೀಪಾವಳಿಗೆ ಕೊಂಡದ್ದಂತೆ. ಮೋಸಗಾರರು ಎಂದರು, ಇನ್ನೂ ಏನೇನೋ ಅಂದರು. ಮುಗಿಯುವವರೆಗೂ ಕೇಳಿಸಿಕೊಂಡೆ.

"ಅದು ಆಕೀದಲ್ಲರಿ" ಎಂದೆ.

"ಮತ್ತ ಫೋಟೋ ಯಾರದರಿ?"

"ನಂದ್ರಿ. ಅದನ್ನ ಕೊಟ್ಟಾವನೂ ನಾನ. ಈಗ ಬೈಯ್ರಿ."